ಊನ್ ಅಂಕಲ್ ಬಿಡಿಭಾಗ ಬಿಟ್ಟದ್ದು

ಊನ್ ಅಂಕಲ್‌ಗೆ ಜೀವಮಾನದಲ್ಲಿ ಮೂರು ಕಾರು, ಒಬ್ಬಳೇ ಹೆಂಡತಿ. ತೈಪಿಂಗಿನಲ್ಲಿ ಅವರ ಓರಗೆಯ ಕೆಲವು ಸಾಹುಕಾರರ ಲೆಕ್ಕ ಇದಕ್ಕೆ ತಿರುಗುಮುರುಗು. ಪೂರ್ತಿ ಹೆಸರು ಊನ್ ಟೇಕ್ ಬೆಂಗ್. ಹೆಸರಿನಲ್ಲಿ ಊನವಿದ್ದರೂ ಅವರ ಗಾಡಿಗಳಲ್ಲಿ ಇರಲಿಲ್ಲ. ಕೆಲಸಕ್ಕಿದ್ದದ್ದು ಒಬ್ಬ ಡಾಕ್ಟರ ಬಳಿ ಕಂಪೌಂಡರ್ ಆಗಿ. ಊರಿನ ಅರ್ಧ ಮಕ್ಕಳು ಅವರು ಕಲಸಿಕೊಟ್ಟ ಕೆಂಪು ಔಷಧಿ ಕುಡಿದು ಬೆಳೆದವರು. ಇನ್ನರ್ಧ ಮಕ್ಕಳು ಅದನ್ನು ಉಗುಳಿ ಬೆಳೆದವರು.

ಮೊದಲನೆಯದು ಫೋರ್ಡ್ ಆಂಗ್ಲಿಯಾ. ಹೆಂಡತಿ ಗೇಕ್ ಚೂ ಆಂಟಿಯನ್ನು ಹುಡುಗಿ ನೋಡುವ ಶಾಸ್ತ್ರವೆಲ್ಲ ಮುಗಿದ ಮೇಲೆ ಕೆರೆಯ ಸುತ್ತ ಸುತ್ತಿಸಿದ್ದು ಅದರಲ್ಲೇ. ಆಮೇಲೆ ಬಂದದ್ದು ಆಸ್ಟಿನ್. ಮೂರನೆಯದು ಮಾರಿಸ್ ಮೈನರ್, ತಿಳಿ ಹಸಿರು ಬಣ್ಣದ್ದು, ಊದಿದ ಕೆನ್ನೆಯ ಕೂಸಿನಂಥದ್ದು. ಡಾಕ್ಟರು ಹೊಸತಾಗಿ ಕೊಂಡು, ಹಳತಾದ ಮೇಲೆ ಕಂಪೌಂಡರಿಗೆ ಬಿಟ್ಟುಕೊಟ್ಟ ಗಾಡಿ. ಮಾರಿಸ್ ಅಂತ ಹೆಸರಲ್ಲೇ ಇದ್ದರೂ ಮಾರುವ ಯೋಚನೆ ಅಂಕಲ್‌ಗೆ ನಲವತ್ತು ವರ್ಷ ಬರಲಿಲ್ಲ.

ನಾನು ಅವರ ಪಕ್ಕದ ಮನೆಯವಳು. ನಮ್ಮ ನಡುವೆ ಒಂದು ಗೋಡೆ, ಗೋಡೆಯ ಮೇಲೆ ಒಂದು ಬೆಕ್ಕು. ಬೆಳಗಿನ ಹೊತ್ತು ಅವರು ಕೀಲಿ ತಿರುಗಿಸಿದಾಗ ಮಾರಿಸ್ಸಿನ ಪೆಟ್ರೋಲ್ ಪಂಪು 'ಟಿಕ್ ಟಿಕ್ ಟಿಕ್' ಅನ್ನುತ್ತಿತ್ತು. ಟಿಕ್ ಅನ್ನದ ದಿನ ಅಂಕಲ್ ಇಳಿದು, ಚಪ್ಪಲಿ ಬಿಚ್ಚಿ, ಪಂಪಿನ ತಲೆಗೆ ಒಂದು ಕೊಡುತ್ತಿದ್ದರು. ಮತ್ತೆ ಟಿಕ್ ಟಿಕ್. ನಮ್ಮ ಕಾನ್ವೆಂಟಿನ ಸಿಸ್ಟರುಗಳೂ ಇದೇ ಚಿಕಿತ್ಸೆಯಿಂದ ನಮಗೆ ಗುಣಾಕಾರ ಕಲಿಸಿದ್ದರಿಂದ ನನಗೇನೂ ಆಶ್ಚರ್ಯವಿರಲಿಲ್ಲ.

ಹಿತ್ತಲ ಕೋಣೆಯಲ್ಲಿ ಬಿಡಿಭಾಗಗಳಿದ್ದವು. ಬಿಸ್ಕೆಟ್ ಡಬ್ಬಗಳಲ್ಲಿ ದೊಡ್ಡವು, ಔಷಧಿಯ ಕಂದು ಬಾಟಲಿಗಳಲ್ಲಿ ಸಣ್ಣವು. ಯಾವುದೋ ರೋಗಿಯ ಹೆಸರು, 'ಊಟದ ನಂತರ ಎರಡು ಚಮಚ' ಎಂಬ ಹಳೇ ಚೀಟಿ, ಒಳಗೆ ಕಾರ್ಬುರೇಟರಿನ ಸೂಜಿ. ಬಿಡಿಭಾಗಕ್ಕೆ ಬಿಡಿಭಾಗ ಅಂತ ಹೆಸರಿಟ್ಟವನಿಗೆ ಅದನ್ನು ಬಿಡುವುದು ಎಷ್ಟು ಕಷ್ಟ ಅಂತ ಗೊತ್ತಿರಲಿಲ್ಲ, ಪಾಪ.

ಗಾಡಿ ಕೊಡುವಾಗ ಅಂಕಲ್‌ದು ಒಂದು ಪದ್ಧತಿ. ಗಾಡಿ ಕೊಟ್ಟರೂ ಬಿಡಿಭಾಗ ಕೊಡುತ್ತಿರಲಿಲ್ಲ. ಏನಾದರೂ ಕೆಟ್ಟರೆ ಬರಬೇಕು, ಬಂದರೆ ಅದೊಂದನ್ನು ಮಾತ್ರ ಕೊಡುತ್ತಾರೆ. ಬರುವವರು ಆ ಗಾಡಿಯಲ್ಲೇ ಬರಬೇಕು.

"ಹೆಣ್ಣು ಕೊಟ್ಟ ಮೇಲೆ ಬಾಗಿಲು ಹಾಕ್ಕೊಳ್ತಾರಾ?" ಅನ್ನುತ್ತಿದ್ದರು. "ಗಾಡಿಗೂ ಒಂದು ತವರುಮನೆ ಬೇಡ್ವಾ?"

ಆಂಗ್ಲಿಯಾ ಕೊಂಡ ಪಾದ್ರಿ ಹೀಗೇ ವರ್ಷಗಟ್ಟಲೆ ಬಂದುಹೋದರು. ಕೊನೆಗೆ ದೇವರು ಪಾದ್ರಿಯನ್ನು ಕರೆಸಿಕೊಂಡ, ಗಾಡಿಯನ್ನಲ್ಲ. ಆಸ್ಟಿನ್ ಹೋದದ್ದು ಪಕ್ಕದ ಊರು ಕುವಾಲ ಕಾಂಗ್ಸಾರಿನ ಮೇಷ್ಟ್ರಮ್ಮ ರೊಹಾಯಾಗೆ. ಆಕೆ ಒಂದು ರಬ್ಬರ್ ಪೈಪಿಗಾಗಿ ಬಂದರೂ ಜೊತೆಗೆ ತಾನೇ ಮಾಡಿದ ಲಕ್ಸಾ, ಮೀನಿನ ಹುಳಿಸಾರಿನ ಶಾವಿಗೆ, ಒಂದು ಡಬ್ಬಿ ತರುವಳು. ಅಂಕಲ್ ಲಕ್ಸಾ ಆಂಟಿಯ ಕೈಗೆ ಕೊಟ್ಟು, ತಾವು ಆಸ್ಟಿನ್ನಿನ ಬಾನೆಟ್ಟು ಎತ್ತಿ, ಮಗಳ ತಲೆಯಲ್ಲಿ ಹೇನು ನೋಡುವ ಹಾಗೆ ಇಣುಕುವರು.

"ಆಯಿಲ್ ಯಾವಾಗ ಬದಲಾಯಿಸ್ದೆ?"

"ಹೋದ ತಿಂಗಳು ಅಂಕಲ್."

"ಸುಳ್ಳು ಹೇಳ್ಬೇಡ. ಮೇಷ್ಟ್ರಾಗಿ ಸುಳ್ಳು ಹೇಳ್ತೀಯಲ್ಲ. ಇದು ಆಯಿಲ್ಲಾ, ಸೋಯಾ ಸಾಸಾ?"

ಹೀಗೆ ಬದುಕು ನಡೆಯಿತು. ಆಂಟಿ ಹೋದರು. ಅಂಕಲ್‌ರ ಎಡಮಂಡಿ ಹೋಯಿತು. ಮಂಡಿಗೂ ಕ್ಲಚ್ಚಿಗೂ ದಿನಾ ಜಗಳ. ಡಾಕ್ಟರು, ಈಗಿನ ಹೊಸ ಡಾಕ್ಟರು, ಇನ್ನು ಗಾಡಿ ಓಡಿಸಬೇಡಿ ಅಂದರು. ಮಕ್ಕಳಿಲ್ಲ. ಮಾರಿಸ್ ಯಾರಿಗೆ?

ಕೇಳುವವರಿಗೇನೂ ಬರವಿರಲಿಲ್ಲ. ಬರ ಇದ್ದದ್ದು ಗಾಡಿ ಕೇಳುವವರಿಗೆ. ಆ ಮಾರಿಸ್ಸಿನ ನಂಬರು ಎಬಿ 168. ಹಳೇ ಸರಣಿ, ಮೂರೇ ಅಂಕಿ, ಕೊನೆಯಲ್ಲಿ ಎಂಟು. ಚೀನೀಯರಾದ ನಮಗೆ ನಾಲ್ಕು ಸಾವಿನ ಅಂಕಿ, ಎಂಟು ಹಣದ ಅಂಕಿ. ಅಂಥ ನಂಬರು ಗಾಡಿಗಿದ್ದರೆ ವ್ಯಾಪಾರ ಕೈಹಿಡಿಯುತ್ತದೆ ಎಂದು ನಮ್ಮಲ್ಲಿ ಸಾಹುಕಾರರಿಂದ ಸಪ್ಲೈಯರ್‌ವರೆಗೆ ಎಲ್ಲರೂ ನಂಬುತ್ತಾರೆ. ಸಾರಿಗೆ ಕಚೇರಿಯಲ್ಲಿ ಶುಲ್ಕ ಕಟ್ಟಿದರೆ ಹಳೇ ಗಾಡಿಯ ನಂಬರು ಬಿಡಿಸಿ ಹೊಸ ಗಾಡಿಗೆ ಹಾಕಿಕೊಳ್ಳಬಹುದು. ಹಾಗಾಗಿ ಹಳೇ ಕಾರು ನೋಡಲು ಬರುವವರಲ್ಲಿ ಅರ್ಧ ಜನ ಕಾರಿನ ಮುಖವನ್ನೇ ನೋಡುವುದಿಲ್ಲ, ಮೂತಿಯ ಕೆಳಗಿನ ಹಲಗೆ ನೋಡುತ್ತಾರೆ. ಅಂಥವರನ್ನು ಅಂಕಲ್ ಗೇಟಿನಲ್ಲೇ ಗುರುತಿಸಿ ಅಲ್ಲಿಂದಲೇ ಕಳಿಸಿಬಿಡುವರು.

"ಹುಡುಗಿ ಬೇಡ, ಕಿವಿಯ ಓಲೆ ಸಾಕು ಅಂತ ಬರ್ತಾವೆ, ಮೂದೇವಿಗಳು!"

ಕೊನೆಗೆ ಅವರು ಆರಿಸಿದ್ದು ಹ್ಯೂಬರ್ಟ್ ರೂಟನ್ಸ್‌ರನ್ನು. ಹ್ಯೂಬರ್ಟ್ ಅಂಕಲ್ ನಿವೃತ್ತ ಸ್ಟೇಷನ್ ಮಾಸ್ಟರ್, ಚರ್ಚಿನ ಗಾಯನ ಮಂಡಳಿಯಲ್ಲಿ ಕೆಳದನಿ, ಕಾಫಿ ಅಂಗಡಿಯಲ್ಲಿ ಮೇಲ್ದನಿ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಪ್ರತಿ ಭಾನುವಾರ ಪೂಜೆ ಮುಗಿಸಿ ಹ್ಯೂಬರ್ಟ್, ಏನೂ ಮುಗಿಸದೆ ಅಂಕಲ್, ಇಬ್ಬರೂ ಮಾರ್ಕೆಟ್ಟಿನ ಹಿಂದಿನ ಕಾಫಿ ಅಂಗಡಿಯಲ್ಲಿ ಅರೆಬೆಂದ ಮೊಟ್ಟೆ ಒಡೆಯುತ್ತಾ ಕೂರುವರು. ಆ ದಿನ ನಾನೂ ಪಕ್ಕದ ಮೇಜಿನಲ್ಲಿದ್ದೆ.

"ಗಾಡಿ ನೀನು ತಗೋ," ಎಂದರು ಅಂಕಲ್. "ಆದ್ರೆ ಓಡಿಸ್ಬೇಕು. ನಿಲ್ಲಿಸಿಟ್ರೆ ಸಾಯುತ್ತೆ. ಮುಂದಿನ ಚಕ್ರದ ಕೀಲುಗಳಿಗೆ ತಿಂಗಳಿಗೊಂದು ಸಲ ಗ್ರೀಸು. ಮರೆತ್ರೆ ಚಕ್ರ ಮಡಚಿಕೊಂಡು ಬೀಳುತ್ತೆ, ಮಂಡಿ ಊರಿದ ಹಾಗೆ."

"ನಾನು ಮಂಡಿ ಊರಿಯೇ ಬಂದಿದ್ದೀನಿ ಮಾರಾಯ, ಈಗಷ್ಟೇ ಚರ್ಚಿಂದ."

"ತಮಾಷೆ ಬೇಡ. ನಂಬರ್ ಆಸೆಗೆ ತಗೊಳ್ತಿಲ್ಲ ತಾನೇ?"

"ಲೋ ಟೇಕ್ ಬೆಂಗ್, ನಂಬರು ಗಿಂಬರು ನಂಬೋರು ನೀವು! ನನಗೆ ನಾಲ್ಕೂ ಒಂದೇ, ಎಂಟೂ ಒಂದೇ. ನಾನು ನಂಬೋ ನಂಬರ್ ಒಂದೇ: ಮೂರು. ತಂದೆ, ಮಗ, ಪವಿತ್ರಾತ್ಮ."

ಅಂಕಲ್ ನಕ್ಕು ಮೊಟ್ಟೆಗೆ ಮೆಣಸಿನಪುಡಿ ಉದುರಿಸಿದರು. ಅವರ ಇಡೀ ಲೆಕ್ಕಾಚಾರ ಅದೇ. ಎಂಟರ ಮೇಲೆ ಆಸೆಯಿರುವ ಚೀನೀಯರ ಕೈಗೆ ಸಿಗದ ಹಾಗೆ ಗಾಡಿಯನ್ನು ಶಿಲುಬೆಯ ನೆರಳಿನಲ್ಲಿ ಇಟ್ಟೆ ಅಂದುಕೊಂಡರು. ಬೆಲೆಯ ಮಾತೇ ಬರಲಿಲ್ಲ. ಗೆಳೆಯನಿಗೆ ಗಾಡಿ ಪುಕ್ಕಟೆ ಕೊಟ್ಟರೆ ಇಬ್ಬರಿಗೂ ಶ್ರೇಯಸ್ಸಲ್ಲ ಅಂತ ಶುಭಕ್ಕೆಂದು ಹಣ ಇಟ್ಟ ಒಂದು ಕೆಂಪು ಲಕೋಟೆ, ಅಂಗ್ ಪಾವ್, ಹ್ಯೂಬರ್ಟ್ ಅಂಕಲ್ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅಂಕಲ್ ಒಳಗೆ ಎಷ್ಟಿದೆ ಅಂತಲೂ ನೋಡದೆ ಅದನ್ನು ಆಂಟಿಯ ಫೋಟೋದ ಕೆಳಗಿಟ್ಟರು. ಬಿಡಿಭಾಗಗಳು ಎಂದಿನಂತೆ ಹಿತ್ತಲ ಕೋಣೆಯಲ್ಲೇ ಉಳಿದವು.

ಆಮೇಲೆ ಕಾಯುವಿಕೆ. ಒಂದು ತಿಂಗಳಾಯಿತು, ಮೂರಾಯಿತು, ಹ್ಯೂಬರ್ಟ್ ಅಂಕಲ್ ಏನೂ ಕೇಳಿಕೊಂಡು ಬರಲಿಲ್ಲ. ಭಾನುವಾರ ಸ್ಕೂಟರಿನಲ್ಲೇ ಬರುವರು.

"ಗಾಡಿ?"

"ಸೂಪರ್ ಮಾರಾಯ. ಮಳೇಲಿ ಯಾಕೆ ತೆಗೀಲಿ ಅಂತ."

ದಿನಾ ಮಳೆ ಸುರಿಯುವ ತೈಪಿಂಗಿನಲ್ಲಿ ಈ ಉತ್ತರ ವರ್ಷವಿಡೀ ನಡೆಯುತ್ತದೆ.

ನನ್ನ ಮೂಗಿಗೆ ಆಗಲೇ ಏನೋ ವಾಸನೆ ಬಡಿದಿತ್ತು. ಅಂಕಲ್‌ಗೆ ಬಡಿದದ್ದು ಮಾತ್ರ ಹೆಮ್ಮೆ. ಗೋಡೆಯಾಚೆಯಿಂದ ಬೆಕ್ಕಿಗೂ ನನಗೂ ಸೇರಿಸಿ ಹೇಳುವರು: "ನೋಡಿದ್ಯಾ ಆ ಮೋಯ್? ಇಷ್ಟು ದಿನ ಆಯ್ತು, ಒಂದು ವಾಷರ್ ಕೂಡ ಕೇಳಿಲ್ಲ! ಹ್ಯಾಗೆ ಇಟ್ಟಿದ್ದೆ ಗಾಡೀನ! ಆ ಆಸ್ಟಿನ್ ನೋಡು, ಪ್ರತಿ ಮಳೆಗಾಲಕ್ಕೂ ಕೆಮ್ಮುತ್ತೆ." ಐವತ್ತು ದಾಟಿದ ನನ್ನನ್ನು 'ಆ ಮೋಯ್', ಅಂದರೆ ಹುಡುಗಿ, ಅಂತ ಕರೆಯುವ ಕೊನೆಯ ಮನುಷ್ಯ ಅವರು, ಆದ್ದರಿಂದ ನಾನು ಎದುರಾಡುತ್ತಿರಲಿಲ್ಲ. ಹಳೇ ಮಾರಿಸ್ಸು ವರ್ಷವಿಡೀ ಏನೂ ಬೇಡುವುದಿಲ್ಲ ಅಂದರೆ ಅದು ಆರೋಗ್ಯವಾಗಿದೆ ಅಂತ ಅರ್ಥವಲ್ಲ. ಕಂಪೌಂಡರಿಗೆ ಇದು ಗೊತ್ತಿರಬೇಕಿತ್ತು. ಔಷಧಿಗೆ ಬರದೇ ಇರುವವರಲ್ಲಿ ಎರಡು ಜಾತಿ: ವಾಸಿಯಾದವರು, ಮತ್ತು ಇನ್ನೊಂದು ಜಾತಿ. ಆದರೂ ಅವರು ಆಗಾಗ ಡಬ್ಬಗಳಿಗೆ ಎಣ್ಣೆ ಬಟ್ಟೆ ಸವರಿ, ಇವತ್ತು ಬರಬಹುದು ಅಂತ ಕಾಯುತ್ತಿದ್ದರು.

ಏಪ್ರಿಲ್ ಬಂತು, ಚೆಂಗ್ ಬೆಂಗ್ ಬಂತು. ಸತ್ತವರ ಗೋರಿ ತೊಳೆದು ಎಡೆಯಿಡುವ ದಿನ. ಗಾಡಿ ಇಲ್ಲದ ಅಂಕಲ್‌ರನ್ನು ನಾನೇ ಕರೆದುಕೊಂಡು ಹೋದೆ. ಅವರ ತೊಡೆಯ ಮೇಲೆ ಒಂದು ಕಾಗದದ ಕಾರು, ಗೋರಿಯ ಮುಂದೆ ಸುಟ್ಟರೆ ಆಂಟಿಗೆ ತಲುಪುವಂಥದ್ದು.

"ಬೆನ್ಜ್ ಕೊಟ್ಟ ಅಂಗಡಿಯವ," ಎಂದರು ಬೇಜಾರಿನಿಂದ. "ಮಾರಿಸ್ ಕೇಳ್ದೆ. ಮಾರಿಸ್ ಯಾರೂ ಕೇಳಲ್ಲ ಅಂಕಲ್ ಅಂದ. ಅವಳು ಬೆನ್ಜಲ್ಲಿ ಹತ್ತೋಳಲ್ಲ. ಅಲ್ಲೂ ನಡ್ಕೊಂಡೇ ಓಡಾಡ್ತಾಳೆ ನೋಡು."

ಸ್ಮಶಾನದ ದಾರಿ ಆ ದಿನ ಎಂದಿನಂತೆ ಕಟ್ಟಿಕೊಂಡಿತ್ತು. ಸತ್ತವರಿಗಿಂತ ಬದುಕಿದ್ದವರು ಹೆಚ್ಚು ಅಲ್ಲಾಡದೆ ನಿಂತಿದ್ದರು. ಅಂಕಲ್ ಕಿಟಕಿಯಿಂದ ಕತ್ತು ಹೊರಗೆ ಹಾಕಿದರು. ಮುಂದಿನ ಸಾಲಿನಲ್ಲಿ, ಎರಡು ಗಾಡಿಗಳ ಸಂದಿಯಲ್ಲಿ, ಒಂದು ನಂಬರ್ ಹಲಗೆ ಕಾಣುತ್ತಿತ್ತು. ಎಬಿ 168.

"ಆ ಮೋಯ್! ನಮ್ಮ ಗಾಡಿ! ನಮ್ಮ ಗಾಡಿ ಬಂದಿದೆ!"

"ಅಂಕಲ್, ತಾಳಿ..."

ತಾಳಲಿಲ್ಲ. ಮಂಡಿ ಮರೆತು ಇಳಿದರು. "ಹ್ಯೂಬರ್ಟ್ ಬಂದಿದ್ದಾನೆ ನೋಡು! ಗೇಕ್ ಚೂನ ನೋಡೋಕೆ ಗಾಡಿ ಕರ್ಕೊಂಡು ಬಂದಿದ್ದಾನೆ! ಕಿರಿಸ್ತಾನ ಆದ್ರೂ ನೋಡು!" ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಕಾಗದದ ಬೆನ್ಜ್, ಗಾಡಿಗಳ ಪಕ್ಕದಲ್ಲಿ ಮದುವೆ ಗಂಡಿನ ಹಾಗೆ ನಡೆದರು. ನಾನು ಗಾಡಿ ಅಲ್ಲೇ ಬಿಟ್ಟು ಹಿಂದೆ ಓಡಿದೆ. ಹೇಗೂ ಅದು ಎಲ್ಲಿಗೂ ಹೋಗುವಂತಿರಲಿಲ್ಲ.

ಆ ಹಲಗೆಯಿದ್ದದ್ದು ಒಂದು ಕಪ್ಪು ವ್ಯಾನಿಗೆ. ನಮ್ಮ ಅಡುಗೆಮನೆಗಿಂತ ದೊಡ್ಡದು, ಹೊಚ್ಚ ಹೊಸದು. ಅಂಕಲ್ ಅದರ ಹಿಂದೆ ನಿಂತರು. ಬಗ್ಗಿ ನಂಬರಿನ ಮೇಲೆ ಕೈಯಿಟ್ಟರು, ಕುರುಡರು ಮುಖ ಮುಟ್ಟಿ ನೋಡುವ ಹಾಗೆ. ಆಮೇಲೆ ನಿಧಾನಕ್ಕೆ ಮುಂದೆ ಹೋಗಿ ಗಾಜು ತಟ್ಟಿದರು. ಗಾಜು ಇಳಿಯಿತು. ಒಳಗೆ ಡುರಿಯನ್ ಹಣ್ಣಿನ ಸಗಟು ವ್ಯಾಪಾರಿ ಒಬ್ಬ, ಅವನ ಇಡೀ ಸಂಸಾರ, ಹುರಿದ ಹಂದಿಮರಿಯ ತಟ್ಟೆ.

"ಏನ್ ಅಂಕಲ್? ದಾರಿ ತಪ್ತಾ?"

"ಈ ನಂಬರ್..."

"ಚೆನ್ನಾಗಿದೆ ಅಲ್ವಾ? ಈ ಸಲದ ಫಸಲು ನೋಡ್ಬೇಕಿತ್ತು ನೀವು! ರೂಟನ್ಸ್ ಅಂಕಲ್ ಕೊಡಿಸಿದ್ರು."

"ಗಾಡಿ ಎಲ್ಲಿ?"

"ಯಾವ ಗಾಡಿ? ನನಗೆ ಬಂದಿದ್ದು ನಂಬರ್ ಅಷ್ಟೇ."

ಹಿಂದಿನಿಂದ ಹಾರ್ನುಗಳು. ಅಂಕಲ್ ತಲೆಯಾಡಿಸಿ, "ಸರಿ ಸರಿ, ಒಳ್ಳೇದಾಗ್ಲಿ," ಎಂದರು. ಕಂಪೌಂಡರಿಗೆ ಬಾಯಿಗೆ ಬರುವ ಮಾತು ಅದೇ ತಾನೇ. ಗೋರಿಯ ಬಳಿ ಹುಲ್ಲು ಕಿತ್ತರು, ಕಿತ್ತಳೆ ಇಟ್ಟರು, ಕಾಗದದ ಬೆನ್ಜ್ ಸುಟ್ಟರು. ಪ್ರತಿ ವರ್ಷ ಆಂಟಿಗೆ ಅಲ್ಲಿ ಕೂತು ಊರಿನ ಸುದ್ದಿಯೆಲ್ಲ ಹೇಳುವರು. ಈ ಸಲ ಬಾಯಿ ಬಿಡಲಿಲ್ಲ.

ಭಾನುವಾರ ನನ್ನನ್ನೂ ಎಳೆದುಕೊಂಡು ಕಾಫಿ ಅಂಗಡಿಗೆ ಹೋದರು. ಹ್ಯೂಬರ್ಟ್ ಅಂಕಲ್ ಎರಡು ಕಾಫಿ ಹೇಳಿ ಕೂತಿದ್ದರು. ನಮ್ಮ ಮುಖ ನೋಡಿ ಮೂರನೆಯದು ಹೇಳಿದರು.

"ಗಾಡಿ ಎಲ್ಲಿದೆ?"

"ಚೆನ್ನಾಗಿದೆ ಕಣೋ..."

"ಎಲ್ಲಿದೆ ಅಂದೆ."

"ಏಸಿ ರೂಮಲ್ಲಿದೆ. ನಿಜ ಹೇಳ್ತೀನಿ, ನಿನಗೂ ನನಗೂ ಇಲ್ಲದ ಭಾಗ್ಯ ಅದಕ್ಕಿದೆ. ಧೂಳಿಲ್ಲ, ಮಳೆಯಿಲ್ಲ. ದಿನಾ ಜನ ಬಂದು ಫೋಟೋ ತೆಗೀತಾರೆ."

"ಹ್ಯೂಬರ್ಟ್."

ಹ್ಯೂಬರ್ಟ್ ಅಂಕಲ್‌ರ ದನಿ ಚರ್ಚಿನ ಮಟ್ಟಕ್ಕೆ ಇಳಿಯಿತು. "ಮನೆ ಸೂರು ಕೂತು ಹೋಗಿತ್ತು ಮಾರಾಯ. ಯಾರೋ ನಂಬರ್ ಕೇಳಿದ್ರು. ನಂಬರ್ ಹೋದ್ಮೇಲೆ ಗಾಡಿ ಇಟ್ಕೊಂಡು ಏನ್ ಮಾಡ್ಲಿ ಅಂತ..."

"ನನ್ನ ಕೇಳಿದ್ರೆ ಸೂರು ಹಾಕಿಸ್ತಿದ್ದೆ."

"ಅದೇ! ಅದೇ ನಿಂದು!" ಹ್ಯೂಬರ್ಟ್ ಅಂಕಲ್ ಮೇಜು ತಟ್ಟಿದರು, ತಪ್ಪು ಮಾಡಿದವರಿಗೇ ಸಿಟ್ಟು ಬೇಗ ಬರುವುದು. "ಎಲ್ಲಾದಕ್ಕೂ ನಿನ್ನ ಬಾಗಿಲಿಗೆ ಬರ್ಬೇಕು! ಗಾಡಿ ಕೊಟ್ಟೆ ಅಂತೀಯ, ಎಲ್ಲಿ ಕೊಟ್ಟೆ? ಒಂದು ನಟ್ಟಿಗೂ ನಿನ್ನ ಮುಂದೆ ಕೈ ಚಾಚ್ಬೇಕಿತ್ತು. ಹಗ್ಗ ನಿನ್ನ ಕೈಲಿಟ್ಕೊಂಡು ಹಸು ನನಗೆ ಕೊಟ್ಟೆ. ಅಂಗ್ ಪಾವ್ ತಗೊಂಡೆ ತಾನೇ? ತಗೊಂಡ್ಮೇಲೆ ಅದು ನಂದು."

ಅಂಕಲ್ ಮೊಟ್ಟೆಯ ತಟ್ಟೆ ಪಕ್ಕಕ್ಕೆ ಸರಿಸಿದರು. "ಎಲ್ಲಿ ಅಂತ ಹೇಳು," ಎಂದಷ್ಟೇ ಅಂದರು.

ಗಡಿಯಾರ ಗೋಪುರದ ಆಚೆಯ ಬೀದಿಯಲ್ಲಿ ಹೊಸದೊಂದು ಕೆಫೆ. ನಮ್ಮ ಕಾಲದ ಟೈಪ್‌ರೈಟರು, ಹೊಲಿಗೆ ಮಿಷನ್ನು, ಲಾಟೀನು ಎಲ್ಲ ತೂಗುಹಾಕಿ, ನಾವು ಎಸೆದದ್ದನ್ನೇ ನಮಗೆ ತೋರಿಸಿ ದುಬಾರಿ ಕಾಫಿ ಕುಡಿಸುವ ಜಾಗ. ಒಳಗೆ ಹೋದರೆ ಎದುರಿಗೇ ಮಾರಿಸ್. ತಿಳಿ ಹಸಿರು, ಊದಿದ ಕೆನ್ನೆ, ಎರಡೂ ದೀಪ ಉರಿಯುತ್ತಿದ್ದವು. ಒಂದು ಕ್ಷಣ ನನಗೇ ಜೀವ ಬಂದ ಹಾಗಾಯಿತು.

ಆಮೇಲೆ ಪಕ್ಕಕ್ಕೆ ಸರಿದು ನೋಡಿದೆವು. ಗಾಡಿ ಬಾಗಿಲವರೆಗೆ ಮಾತ್ರ ಇತ್ತು. ಅಲ್ಲಿಂದಾಚೆ ಗರಗಸದಲ್ಲಿ ಕೊಯ್ದು, ಮೇಲೆ ಹಲಗೆ ಹಾಸಿ ಗಲ್ಲಾಪೆಟ್ಟಿಗೆ ಇಟ್ಟಿದ್ದರು. ಬಾನೆಟ್ಟು ಎತ್ತಿತ್ತು. ಇಂಜಿನ್ ಇರಬೇಕಾದಲ್ಲಿ ಗಾಜಿನ ಪೆಟ್ಟಿಗೆ. ಒಳಗೆ ಸಾಲಾಗಿ ಕೇಕುಗಳು. ಅಂಕಲ್ ಅಭ್ಯಾಸಬಲದಿಂದ ಬಗ್ಗಿ ಇಣುಕಿದರು.

"ಕ್ಯಾರೆಟ್ ಕೇಕಾ, ಪಾಂಡಾನ್ ಎಲೆ ಕೇಕಾ ಅಂಕಲ್?" ಎಂದಳು ಗಲ್ಲಾದ ಹುಡುಗಿ.

"ಇದರ ಹಿಂಭಾಗ ಎಲ್ಲಮ್ಮ?"

"ಮಹಡಿ ಮೇಲಿದೆ. ಸೋಫಾ ಮಾಡಿದ್ದಾರೆ. ತುಂಬಾ ಕ್ಯೂಟಾಗಿದೆ. ಆದ್ರೆ ಇವತ್ತು ರಿಸರ್ವ್ ಆಗಿದೆ."

"ಇಂಜಿನ್ನು?"

"ಗೊತ್ತಿಲ್ಲ ಅಂಕಲ್." ಆಮೇಲೆ ಏನೋ ನೆನಪಾಗಿ ಕಣ್ಣರಳಿಸಿದಳು. "ಅಯ್ಯೋ, ಊನ್ ಅಂಕಲ್ ಅಂದ್ರೆ ನೀವೇನಾ? ನಿಮ್ಮ ಹತ್ರ ಇದರ ಚಕ್ರದ ಮುಚ್ಚಳ, ಬಾಗಿಲ ಹಿಡಿ ಎಲ್ಲಾ ಹೊಸದೇ ಇದೆಯಂತಲ್ಲ! ರೂಟನ್ಸ್ ಅಂಕಲ್ ಹೇಳಿದ್ರು. ತಂದುಕೊಡ್ತೀನಿ ಅಂದಿದ್ದಾರೆ. ಗೋಡೆಗೆ ಹಾಕ್ತೀವಿ."

ಗಾಡಿ ಕೊಯ್ದದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದ ಮನುಷ್ಯ ಈ ಮಾತಿಗೆ ಕುರ್ಚಿ ಹುಡುಕಿ ಕೂತರು. ಹಿತ್ತಲ ಕೋಣೆಯನ್ನೂ ಹ್ಯೂಬರ್ಟ್ ಅಂಕಲ್ ಆಗಲೇ ಹಂಚಿಬಿಟ್ಟಿದ್ದರು.

"ಇದೆ," ಎಂದರು ಹುಡುಗಿಗೆ. "ಎಲ್ಲಾ ಇದೆ."

ಮಾರನೆಯ ದಿನ ಹಳೇ ಪೇಪರಿನ ಲಾರಿ ಬಂತು. 'ಹಳೇ ಪೇಪರ್, ಹಳೇ ಕಬ್ಬಿಣ, ಹಳೇ ಬ್ಯಾಟರಿ' ಅಂತ ಮೈಕಿನಲ್ಲಿ ಕೂಗುತ್ತಾ ವಾರಕ್ಕೊಮ್ಮೆ ನಮ್ಮ ಓಣಿ ಸುತ್ತುವ ಲಾರಿ. ಅಂಕಲ್ ಎಂದೂ ಅದನ್ನು ನಿಲ್ಲಿಸಿದವರಲ್ಲ; ಅದು ಬಂದರೆ ಮಕ್ಕಳಿರುವ ಮನೆಯವರು ಬಾಗಿಲು ಹಾಕುವ ಹಾಗೆ ಹಿತ್ತಲ ಕೋಣೆ ಮುಚ್ಚುತ್ತಿದ್ದರು. ಈ ಸಲ ತಾವೇ ರಸ್ತೆಗಿಳಿದು ಕೋಲು ಅಡ್ಡ ಹಿಡಿದರು. ಚಕ್ರದ ಮುಚ್ಚಳ, ಬಾಗಿಲ ಹಿಡಿ, ದೀಪದ ಬಳೆ, ಮಾರಿಸ್ಸಿಗೆ ಬಿಟ್ಟರೆ ಇನ್ನಾವುದಕ್ಕೂ ಕೂರದ ಎಲ್ಲ ಸಾಮಾನೂ ಹೊರಗೆ ಬಂತು.

ನಾನು ಗೋಡೆಯ ಮೇಲಿಂದ ಕೂಗಿದೆ: "ಅಂಕಲ್, ಇವೆಲ್ಲ ಹೊಸವು! ಪ್ಯಾಕ್ ಕೂಡ ಬಿಚ್ಚಿಲ್ಲ!"

"ಹೊಸದಾಗಿ ಸಾಯ್ಲಿ ಬಿಡು."

ಲಾರಿಯವ ತಕ್ಕಡಿ ತೆಗೆದ. ಅಂಕಲ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಂದ ಹಣ ಕೇಳಲೂ ಇಲ್ಲ.

ಉಳಿದದ್ದು ಇಂಜಿನ್ನಿನ ಸಾಮಾನು. ಮಾರಿಸ್ಸಿಗೂ ಆಸ್ಟಿನ್ನಿಗೂ ಇಂಜಿನ್ ಒಂದೇ ಮನೆತನದ್ದು, ಅಕ್ಕತಂಗಿಯರ ಹಾಗೆ. ಒಂದರ ಸೀರೆ ಇನ್ನೊಂದಕ್ಕೆ ಆಗುತ್ತದೆ. ಆ ಶನಿವಾರ ರೊಹಾಯಾ ಬಂದಳು. ಮೊದಲು ಆಸ್ಟಿನ್ನಿನ ಕೆಮ್ಮು, ಆಮೇಲೆ ಅವಳು, ಆಮೇಲೆ ಲಕ್ಸಾ.

"ಅಂಕಲ್, ನೀರಿನ ಪೈಪ್ ಸೋರ್ತಿದೆ. ಬೈಬೇಡಿ, ಆಯಿಲ್ ಬದಲಾಯಿಸಿದ್ದೀನಿ, ಈ ಸಲ ನಿಜವಾಗ್ಲೂ!"

ಬಯ್ಯಲಿಲ್ಲ. ಬಾನೆಟ್ಟಿನ ಹತ್ತಿರಕ್ಕೂ ಹೋಗಲಿಲ್ಲ. ಹಜಾರದಲ್ಲಿ ಆಗಲೇ ಡಬ್ಬಗಳನ್ನು, ಕಂದು ಬಾಟಲಿಗಳನ್ನು ಪೆಟ್ಟಿಗೆಗಳಿಗೆ ತುಂಬಿಸಿ ಇಟ್ಟಿದ್ದರು. ಕೋಲಿನಿಂದ ತೋರಿಸಿದರು.

"ತಗೊಂಡು ಹೋಗು."

"ಇದೆಲ್ಲಾನಾ? ನನಗೆ ಬೇಕಾಗಿದ್ದು ಒಂದು ಪೈಪ್ ಅಂಕಲ್."

"ಎಲ್ಲಾ ತಗೊಂಡು ಹೋಗು. ಇಲ್ಲಾಂದ್ರೆ ಪೈಪೂ ಇಲ್ಲ."

ರೊಹಾಯಾ ನನ್ನ ಮುಖ ನೋಡಿದಳು. ನಾನು ಬೆಕ್ಕಿನ ಮುಖ ನೋಡಿದೆ.

"ಇದೆಲ್ಲಾ ನಮ್ಮನೇಲಿಟ್ರೆ," ಎಂದಳು ಮೆಲ್ಲಗೆ, "ಆಮೇಲೆ ನಾನು ಇಲ್ಲಿಗೆ ಯಾಕೆ ಬರ್ಲಿ?"

"ಬರೋದು ಬೇಡ. ಒಂದೊಂದು ನಟ್ಟಿಗೂ ನನ್ನ ಮುಂದೆ ಕೈ ಚಾಚೋದು ನಿನಗೂ ಕಷ್ಟ."

"ಯಾರು ಹೇಳಿದ್ರು ಕಷ್ಟ ಅಂತ? ನಾನು ಯಾವತ್ತಾದ್ರೂ ಅಂದಿದ್ದೀನಾ?"

ಅಂಕಲ್ ಕೋಲಿನಿಂದ ಒಂದು ಪೆಟ್ಟಿಗೆಯನ್ನು ಅವಳತ್ತ ತಳ್ಳಿದರು.

"ನಾನೇನ್ ತಪ್ಪು ಮಾಡ್ದೆ ಅಂಕಲ್?"

"ನೀನು ಏನೂ ಮಾಡಿಲ್ಲಮ್ಮ," ಎಂದರು. ಆಮೇಲೆ ಸೇರಿಸಿದರು: "ಇನ್ನೂ ಮಾಡಿಲ್ಲ."

ಆ ಹೆಣ್ಣುಮಗಳ ಮುಖ ತಪರಾಕಿ ಬಿದ್ದ ಹಾಗಾಯಿತು. ಪೆಟ್ಟಿಗೆಗಳನ್ನು ನಾವಿಬ್ಬರೂ ಹೊತ್ತು ಹಿಂದಿನ ಸೀಟಿಗೆ ತುಂಬಿದೆವು. ಬಾಟಲಿಗಳು ಕಿಣಿಕಿಣಿ ಅಂದವು. ಅವಳು ಸ್ಟಿಯರಿಂಗಿನ ಹಿಂದೆ ಕೂತು, ತಲೆವಸ್ತ್ರದ ತುದಿಯಿಂದ ಕನ್ನಡಕ ಒರೆಸಿಕೊಂಡು, ಕನ್ನಡಕವನ್ನಲ್ಲದೆ ಬೇರೇನನ್ನೋ ಒರೆಸಿಕೊಳ್ಳುತ್ತಿದ್ದುದು ಕಾಣದಿರಲೆಂದು ಕೀಲಿ ತಿರುಗಿಸಿದಳು.

ಅಂಕಲ್ ಗೇಟಿನವರೆಗೆ ಬಂದರು. ಒಳ್ಳೇ ಮಾತು ಒಂದಾದರೂ ಆಡುತ್ತಾರೆ ಅಂದುಕೊಂಡೆ. ಆಸ್ಟಿನ್ ಓಣಿಯ ತಿರುವಿನತ್ತ ಹೊರಟಿತು. ಅವರು ಕಣ್ಣು ಕಿರಿದು ಮಾಡಿ ಅದರ ಬೆನ್ನನ್ನೇ ನೋಡುತ್ತಿದ್ದರು.

"ಆ ಮೋಯ್, ನಂಬರ್ ಓದು."

"ಏನಂಕಲ್?"

"ಅದರ ನಂಬರ್ ಓದು ಅಂದೆ. ನಂಗೆ ಸರಿಯಾಗಿ ಕಾಣ್ತಿಲ್ಲ."

ಓದಿದೆ. ಅವರು ತಮ್ಮೊಳಗೇ, ತಾವು ಗಾಡಿ ಕೊಟ್ಟಾಗಿನ ನಂಬರಿಗೆ ತಾಳೆ ನೋಡಿದರು.

"ಹಂ. ಅದೇ ಇದೆ," ಎಂದರು. "ಇವತ್ತಿಗೆ ಅದೇ ಇದೆ."

ಲಕ್ಸಾ ಡಬ್ಬಿಯನ್ನು ಮುಚ್ಚಳ ತೆಗೆಯದೆ ಗೋಡೆಯ ಮೇಲಿಂದ ನನಗೆ ದಾಟಿಸಿ ಒಳಗೆ ಹೋದರು.